ಗಣೆ ಊದುವ ಹಂಡೆ

ಜಯರಾಮುವಿನ ಕೈಗಳ ಮೇಲೆ ರಾಗಿ ಚೆಲ್ಲಿದ ಹಾಗೆ ಸುಟ್ಟ ಚುಕ್ಕೆಗಳಿವೆ. ಗ್ರೈಂಡರಿನ ಕಿಡಿ ಬಿದ್ದ ಗುರುತುಗಳು. ಕೊರಟಗೆರೆಯಿಂದ ಮಧುಗಿರಿ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ ಒಂದು ತಗಡಿನ ಶೆಡ್ ಇದೆ. ಅಲ್ಲಿ ಸ್ಟೀಲಿನ ಹಾಲಿನ ಟ್ಯಾಂಕು, ದೊಡ್ಡ ಅಡುಗೆಮನೆಗಳ ಸ್ಟೀಮ್ ಹಂಡೆ ಎಲ್ಲ ಮಾಡುತ್ತಾರೆ. ಜಯರಾಮು ಅಲ್ಲಿ ವೆಲ್ಡರ್. ಅವನ ಹೆಂಡತಿ ಜುಂಜಮ್ಮ ಸಿದ್ದರಬೆಟ್ಟದ ದಾರಿಯಲ್ಲಿರುವ ನಮ್ಮ ಅನ್ನದಾನದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಬೆಟ್ಟಕ್ಕೆ ಬರುವವರಿಗೂ, ಪಕ್ಕದ ಹಾಸ್ಟೆಲ್ ಮಕ್ಕಳಿಗೂ ಅಲ್ಲೇ ಅಡುಗೆ. ನಾನು ಅಕ್ಕಿ ಆರಿಸುತ್ತೇನೆ, ತರಕಾರಿ ಹೆಚ್ಚುತ್ತೇನೆ. ಕೂತು ಮಾಡುವ ಕೆಲಸ. ಕೂತವರ ಕಿವಿಗೆ ನಿಂತವರ ಮಾತೆಲ್ಲ ಬೀಳುತ್ತದೆ.

ಜಯರಾಮು ಹುಟ್ಟಿದ್ದು ಬರಗೂರಿನ ಆಚೆ ಒಂದು ಗೊಲ್ಲರ ಹಟ್ಟಿಯಲ್ಲಿ. ಚಿಕ್ಕಂದಿನಲ್ಲಿ ಕುರಿಯ ಹಿಂದೆ ತಿರುಗಿದವನು. ಅವನ ಸೋದರಮಾವ ಕ್ಯಾತಪ್ಪನೂ ಹಾಗೆಯೇ ಕುರಿಯ ಹಿಂದೆ ತಿರುಗಿ, ಆಮೇಲೆ ಶಿರಾದಲ್ಲಿ ಕಿಟಕಿ ಗ್ರಿಲ್ ಮಾಡುವ ಒಬ್ಬ ಸಾಬರ ಅಂಗಡಿ ಸೇರಿ, ಕಬ್ಬಿಣ ಕಲಿತು, ಕಬ್ಬಿಣದಿಂದ ಸ್ಟೀಲಿಗೆ ಬಂದವನು. ಅಕ್ಕನ ಮಗನನ್ನು ತಾನೇ ಕರೆತಂದು ಶೆಡ್ಡಿಗೆ ಸೇರಿಸಿದ. ಕೆಲಸ ಕಲಿಸಿದ. ಮಗಳು ಜುಂಜಮ್ಮನನ್ನೂ ಅವನಿಗೇ ಕೊಟ್ಟ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳು ಗಂಡನನ್ನು ಬಾವ ಎಂದೇ ಕರೆಯುವುದು.

ಕ್ಯಾತಪ್ಪನನ್ನು ನಾನೂ ಬಲ್ಲೆ. ಹೆಗಲ ಮೇಲೆ ಕೆಂಪು ಅಂಚಿನ ಕರಿ ಕಂಬಳಿ ಇಲ್ಲದೆ ಅವನು ಎಲ್ಲಿಗೂ ಹೋದವನಲ್ಲ. ಹಟ್ಟಿಯಲ್ಲಿ ದೇವರ ಮುಂದೆ ಊದುವ ಉದ್ದನೆಯ ಬಿದಿರಿನ ಕೊಳಲಿದೆ, ಗಣೆ ಎನ್ನುತ್ತಾರೆ. ಅದನ್ನು ಊದುವುದರಲ್ಲಿ ಅವನ ಸಮ ಯಾರೂ ಇರಲಿಲ್ಲವಂತೆ. ನಾನು ಒಂದು ಸಲ ಕೇಳಿದ್ದೇನೆ. ನಮ್ಮ ಕೊಳಲಿನ ಹಾಗೆ ತೆಳ್ಳಗಲ್ಲ ಅದರ ದನಿ. ದೂರದ ಹಳ್ಳದಲ್ಲಿ ಯಾರೋ ಹೆಸರು ಹಿಡಿದು ಕರೆದ ಹಾಗೆ. ಕೇಳಿದವರು ತಿರುಗಿ ನೋಡಲೇಬೇಕು.

ಕೆಲಸ ಕಲಿಸುವಾಗಲೂ ಅವನ ಬಾಯಲ್ಲಿ ಬರುತ್ತಿದ್ದುದು ಕುರಿಯ ಮಾತೇ. ಕಬ್ಬಿಣ ಉಜ್ಜಿದ ತಂತಿ ಬ್ರಷ್ಷನ್ನು ಸ್ಟೀಲಿಗೆ ಮುಟ್ಟಿಸಬಾರದು, ರೋಗದ ಕುರಿಯನ್ನು ಮಂದೆಯೊಳಗೆ ಬಿಟ್ಟಂತೆ, ಆ ಕಬ್ಬಿಣದ ಪುಡಿಯೇ ಸ್ಟೀಲಿಗೆ ತುಕ್ಕು ಹತ್ತಿಸುತ್ತದೆ ಎನ್ನುತ್ತಿದ್ದ. ಕಾವು ಹದವಾಗಿದ್ದರೆ ವೆಲ್ಡಿಂಗಿನ ಪಕ್ಕ ಜೇನಿನ ಬಣ್ಣ, ಹೆಚ್ಚಾದರೆ ನವಿಲಿನ ನೀಲಿ, ಕೆಟ್ಟರೆ ಬಾಣಲೆ ತಳದ ಕಪ್ಪು. ಇವನ್ನೆಲ್ಲ ಜಯರಾಮು ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದು ಊಟಕ್ಕೆ ಕೂತಾಗ ಹೇಳುತ್ತಿದ್ದ. ಮಾವನ ಇನ್ನೊಂದು ಮಾತನ್ನು ಅವನಿಗಿಂತ ಜುಂಜಮ್ಮನೇ ಹೆಚ್ಚು ಹೇಳುತ್ತಿದ್ದಳು. ಸಾರಿನ ಹಂಡೆ ಕುದಿದು ಸದ್ದು ಮಾಡಿದಾಗ ಹೊಸ ಹೆಂಗಸರು ಯಾರಾದರೂ ಬೆಚ್ಚಿದರೆ ನಗುತ್ತಾ ಅನ್ನುವಳು:

"ಕೂಗ್ತಾ ಇರೋ ಕುರಿಗೆ ಹೆದರ್‍ಬ್ಯಾಡ, ಸುಮ್ಕಾಗ್ಬುಟ್ಟ ಕುರಿ ತಾವ ಓಡು ಅನ್ನೋನು ನಮ್ಮಪ್ಪ."

ನಮ್ಮ ಅಡುಗೆಮನೆಗೆ ಹೊಸ ಸ್ಟೀಮ್ ಹಂಡೆ ಬೇಕೆಂದು ಅನ್ನದಾನ ನಡೆಸುವ ಟ್ರಸ್ಟಿನವರು ಆ ಶೆಡ್ಡಿಗೇ ಹೇಳಿದರು. ಆ ಹಂಡೆಗೆ ಎರಡು ಗೋಡೆ. ಒಳಗಿನದರಲ್ಲಿ ಸಾರು ಬೇಯುತ್ತದೆ. ಎರಡು ಗೋಡೆಗಳ ನಡುವೆ, ಪಕ್ಕದ ಕೋಣೆಯ ಬಾಯ್ಲರಿನಿಂದ ಪೈಪಿನಲ್ಲಿ ಬರುವ ಹಬೆ ತುಂಬಿಕೊಳ್ಳುತ್ತದೆ. ಹಬೆಯೆಂದರೆ ಹಗ್ಗ ಬಿಚ್ಚಿದರೆ ಹಾಯುವ ಹೋರಿ. ಹೊರಗೋಡೆ ಅದನ್ನು ಕಟ್ಟಿ ಹಿಡಿಯಬೇಕು. ಆ ಹೊರಗೋಡೆ ಒಂದೇ ಅಗಲ ಪ್ಲೇಟನ್ನು ಸುತ್ತಿ, ಎರಡು ಅಂಚು ಕೂಡಿದ ಕಡೆ ಮೇಲಿಂದ ಕೆಳಗಿನವರೆಗೆ ವೆಲ್ಡಿಂಗ್ ಮಾಡಿದ್ದು. ಜಯರಾಮು ಅದನ್ನು ಹೊಲಿಗೆ ಎನ್ನುತ್ತಾನೆ. ಕಾವು ಮೈಗೆ ತಾಗದಿರಲೆಂದು ಅದರ ಮೇಲೆ ಹತ್ತಿಯಂಥ ಗ್ಲಾಸ್ ವೂಲ್ ಸುತ್ತಿ, ಅದರ ಮೇಲೆ ತೆಳ್ಳನೆಯ ತಗಡು ಹೊದಿಸುತ್ತಾರೆ.

ಹೊಲಿಗೆಯ ಮೇಲಿನ ಅರ್ಧ ಮಾಡಿದ್ದು ಕ್ಯಾತಪ್ಪ. ಅರ್ಧಕ್ಕೆ ಬಂದಾಗ ಮುಖದ ಗುರಾಣಿ ಇಳಿಸಿ, ಟೀ ಕುಡಿದು ಬರುತ್ತೇನೆಂದು ರಸ್ತೆಯಾಚೆಯ ಅಂಗಡಿಗೆ ಹೋದ. ತುಂಬಾ ಹೊತ್ತಾಯಿತೆಂದು ಜಯರಾಮು ಹೋಗಿ ನೋಡಿದಾಗ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದನಂತೆ, ಕಂಬಳಿ ಹೊದ್ದು. ಕೈಯಲ್ಲಿ ಟೀ ಲೋಟ ಹಾಗೇ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಅಂಗಡಿಯವನು ನಿದ್ದೆ ಮಾಡುತ್ತಿದ್ದಾನೆಂದೇ ತಿಳಿದಿದ್ದ.

ಹಟ್ಟಿಯ ಹಿರಿಯರು ಸೂತಕ ಕಳೆಯುವವರೆಗೆ ಬೆಂಕಿಯ ಕೆಲಸ ಮುಟ್ಟಬೇಡ ಎಂದರು. ಸತ್ತವನು ಅರ್ಧಕ್ಕೆ ಬಿಟ್ಟ ಕೆಲಸಕ್ಕಂತೂ ಕೈಯೇ ಹಾಕಬೇಡ ಎಂದರು. ಇತ್ತ ಶೆಡ್ಡಿನ ಮಾಲೀಕ ಚಂದ್ರಶೇಖರ್‌ಗೆ ಶ್ರಾವಣಕ್ಕೆ ಮೊದಲು ಹಂಡೆ ಕೊಡಲೇಬೇಕಿತ್ತು. ಬೇರೆ ವೆಲ್ಡರ್ ತಂದು ಮಾವನ ಹೊಲಿಗೆಗೆ ಇನ್ಯಾರದೋ ಕೈ ಕೂಡಿಸುವುದು ಜಯರಾಮುವಿಗೆ ಸರಿಬರಲಿಲ್ಲ. ಸೂತಕದಲ್ಲೇ ಹೋಗಿ ಕೆಳಗಿನ ಅರ್ಧ ಅವನೇ ಮುಗಿಸಿದ. ಇಬ್ಬರ ಕೈಯೂ ನೋಡಿದರೆ ಗೊತ್ತಾಗುತ್ತಿತ್ತಂತೆ. ಮಾವನದು ಕಂಬಳಿಯ ಅಂಚಿನ ಹಾಗೆ ಒತ್ತೊತ್ತಾಗಿ, ಇವನದು ಸ್ವಲ್ಪ ಅಗಲ. ನೀರು ತುಂಬಿ ಪಂಪಿನಿಂದ ಒತ್ತಡ ಕೊಟ್ಟು ನೋಡಿದರು. ಗೇಜಿನ ಮುಳ್ಳು ಅಲುಗಲಿಲ್ಲ. ಹೊಲಿಗೆ ಚೆನ್ನಾಗಿಯೇ ಇತ್ತು.

ಶ್ರಾವಣದಲ್ಲಿ ಹಂಡೆಗೆ ಪೂಜೆ ಮಾಡಿ ಹಬೆ ಬಿಟ್ಟೆವು. ದೀಪಾವಳಿಯವರೆಗೆ ಏನೂ ಇರಲಿಲ್ಲ.

ಒಂದು ದಿನ ಬೆಳಗಿನ ತಿಂಡಿ ಮುಗಿದು, ಮಧ್ಯಾಹ್ನದ ಸಾರಿಗೆ ಬೇಳೆ ಹಾಕಿದ್ದರು. ನಾನು ಮೊರ ಹಿಡಿದು ಕೂತಿದ್ದೆ. ಎಲ್ಲಿಂದಲೋ ಒಂದು ದನಿ ಬಂತು. ನಾನು ಬಾಗಿಲ ಕಡೆ ತಿರುಗಿದೆ. ಮುಖ್ಯ ಅಡುಗೆಯವಳು ಮುನಿಯಮ್ಮನೂ ತಿರುಗಿದಳು. ಬಾಗಿಲಲ್ಲಿ ಯಾರೂ ಇಲ್ಲ. ದನಿ ಏರಿತು, ಇಳಿಯಿತು, ನಿಂತಿತು, ಮತ್ತೆ ಬಂತು. ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದ ಜುಂಜಮ್ಮ ಮಾತ್ರ ತಿರುಗಿರಲಿಲ್ಲ. ಅವಳು ಹಂಡೆಯನ್ನೇ ನೋಡುತ್ತಿದ್ದಳು. ಸೌಟಿನಿಂದ ಸಾರು ತೊಟ್ಟಿಕ್ಕಿ ಅವಳ ಕಾಲ ಮೇಲೆ ಬೀಳುತ್ತಿತ್ತು. ಬಿಸಿ ಅವಳಿಗೆ ತಾಗಿದಂತೆ ಕಾಣಲಿಲ್ಲ.

"ಅಪ್ಪ ಗಣೆ ಊದ್ತಾ ಅವ್ನೆ" ಎಂದಳು, ಬಸ್ಸು ಬಂತು ಎಂದು ಹೇಳುವಷ್ಟೇ ಮೆತ್ತಗೆ.

ಹಂಡೆಯ ತಗಡಿನ ಹೊದಿಕೆಯ ಕೆಳಗಿನ ಅಂಚಿನಿಂದ ಕಂದು ನೀರು ಇಳಿದಿತ್ತು. ಒರೆಸಿದೆವು. ಮಾರನೇ ದಿನ ಅದೇ ಜಾಗದಲ್ಲಿ ಅದೇ ಗೆರೆ, ಅತ್ತ ಮುಖದ ಮೇಲಿನ ಕಾಡಿಗೆಯ ಹಾಗೆ.

ಜಯರಾಮು ಬಂದು ಹೊದಿಕೆ ಬಿಚ್ಚಿದ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಶೆಡ್ಡಿನಿಂದ ತಂದ ಕೆಂಪು ಬಣ್ಣವನ್ನು ಹೊಲಿಗೆಯ ಮೇಲೆ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿದ. ಆಮೇಲೆ ಬಿಳಿ ಪುಡಿ ಹೊಡೆದ. ಎಲ್ಲಾದರೂ ಸೀಳಿದ್ದರೆ ಅದರೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಎದ್ದು ಬರುತ್ತದೆ ಎಂದ. ನಾವೆಲ್ಲ ಸುತ್ತ ನಿಂತು ನೋಡಿದೆವು. ಮೊದಲು ಒಂದು ಚುಕ್ಕೆ. ಆಮೇಲೆ ಕೂದಲೆಳೆಯಷ್ಟು ಗೆರೆ. ಅದು ಕವಲಾಯಿತು, ಕವಲು ಮತ್ತೆ ಕವಲಾಯಿತು. ನೋಡನೋಡುತ್ತಿದ್ದಂತೆ ಎಲೆ ಉದುರಿದ ಜಾಲಿ ಮರವೊಂದು ರಕ್ತದಲ್ಲಿ ಬರೆದ ಹಾಗೆ ಮೂಡಿತು. ಯಾರೂ ಮುಟ್ಟದೆ, ತಾನೇ ತಾನಾಗಿ. ಮುನಿಯಮ್ಮ ಸೆರಗು ಬಾಯಿಗೆ ಹಿಡಿದಳು. ಆ ಮರ ಇದ್ದದ್ದು ಪೂರ್ತಿ ಜಯರಾಮುವಿನ ಅರ್ಧದಲ್ಲಿ. ಕ್ಯಾತಪ್ಪನ ಅರ್ಧ ಹಾಲಿನಷ್ಟು ಬೆಳ್ಳಗಿತ್ತು.

ಜಯರಾಮು ಸೀಳನ್ನೆಲ್ಲ ಉಜ್ಜಿ ತೆಗೆದು, ಮತ್ತೆ ವೆಲ್ಡಿಂಗ್ ಮಾಡಿ, ಹೊದಿಸಿ ಹೋದ. ಊಟವನ್ನೂ ಮಾಡಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಗಣೆ ಮತ್ತೆ ಕೇಳಿಸಿತು.

ಅಷ್ಟರಲ್ಲಿ ಬೆಟ್ಟಕ್ಕೆ ಬರುವವರಿಗೂ ಸುದ್ದಿ ಹತ್ತಿತ್ತು. ಕೆಲವರು ಊಟ ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವರು. ಒಂದು ದಿನ ಶಿರಾ ಕಡೆಯ ಒಬ್ಬ ಮುದುಕ, ಅವನೂ ಹಟ್ಟಿಯವನೇ, ಕೈ ತೊಳೆಯಲು ಬಂದವನು ಆ ದನಿ ಕೇಳಿ ಚಪ್ಪಲಿ ಬಿಟ್ಟ. ಒಳಗೆ ಊದುತ್ತಿರುವವರು ಯಾರು ಎಂದು ಕೇಳಿದ. ಯಾರೂ ಇಲ್ಲ ತಾತ, ಹಂಡೆ ಎಂದೆವು. ಅವನು ಬಹಳ ಹೊತ್ತು ಕೇಳಿಸಿಕೊಂಡು ನಿಂತ.

"ಇದು ಕರಿಯೋ ಗಣೆ ಅಲ್ಲ ಕಣಮ್ಮ. ತಡಿಯೋ ಗಣೆ. ಮುಂದೆ ಹಳ್ಳ ಬಂದೈತೆ, ಬರಬ್ಯಾಡ ಅಂತ ಮಂದೆಗೆ ಹಿಂಗೆ ಊದ್ತಾರೆ" ಎಂದು ಹೇಳಿ, ಚಪ್ಪಲಿ ಕೈಯಲ್ಲೇ ಹಿಡಿದು ಹೊರಟುಹೋದ.

ಮುನಿಯಮ್ಮನ ಬಾಯಿಗೆ ತಡೆಯಿಲ್ಲ. ಜುಂಜಿ, ನಿಮ್ಮಪ್ಪನಿಗೆ ಸತ್ತ ಮೇಲೂ ಮಗಳ ಕೈ ಸಾರಿನ ಆಸೆ ಹೋಗಿಲ್ಲ, ಒಂದು ಎಲೆ ಹಾಕಿ ಕೂರಿಸು ಎಂದು ಕೀಟಲೆ ಮಾಡುತ್ತಿದ್ದಳು. ಆದರೆ ಹಂಡೆಯ ಹತ್ತಿರ ಒಬ್ಬಳೇ ಹೋಗುವುದನ್ನು ಬಿಟ್ಟಿದ್ದಳು. ಅಡುಗೆಮನೆಯ ಉಪ್ಪು ಯಾಕೆ ಇಷ್ಟು ಬೇಗ ಮುಗಿಯುತ್ತದೆ ಎಂದೂ ಆಗಾಗ ಗೊಣಗುತ್ತಿದ್ದಳು. ಅದಕ್ಕೆ ಯಾರೂ ಕಿವಿ ಕೊಡಲಿಲ್ಲ. ದೊಡ್ಡ ಅಡುಗೆಮನೆಯಲ್ಲಿ ಉಪ್ಪು ಮುಗಿಯದೆ ಇನ್ನೇನು.

ಎರಡನೇ ಸಲದ ರಿಪೇರಿಗೆ ಚಂದ್ರಶೇಖರ್ ತುಮಕೂರಿನಿಂದ ಪ್ರಭುದೇವ್ ಎಂಬ ಇಂಜಿನಿಯರನ್ನು ಕರೆತಂದ. ಒತ್ತಡದ ಪಾತ್ರೆಗಳನ್ನು ಪರೀಕ್ಷೆ ಮಾಡುವುದೇ ಅವರ ಕೆಲಸ. ಕೆಂಪು ಮರ ನೋಡಿದೊಡನೆ, ಇದು ವೆಲ್ಡರ್ ತಪ್ಪಲ್ಲ, ಉಪ್ಪಿನ ಕೆಲಸ ಎಂದರು. ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ಆದರೆ ಉಪ್ಪು, ಕಾವು, ಒಳಗಿನ ಬಿಗಿತ ಮೂರೂ ಒಂದೇ ಕಡೆ ಸೇರಿದರೆ ಅದು ಹೊರಗೆ ಫಳಫಳ ಹೊಳೆಯುತ್ತಲೇ ಒಳಗೊಳಗೆ ಕವಲೊಡೆದು ಸೀಳುತ್ತದೆ. ಉಪ್ಪು ಎಲ್ಲಿಂದ ಬರುತ್ತಿದೆ ಎನ್ನುವುದು ತಿಳಿಯಬೇಕು. ನಮ್ಮ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿಕೊಂಡರು. ಪಾತ್ರೆ ತೊಳೆಯುವ ಪುಡಿ ನೋಡಿದರು. ಹೊದಿಕೆ ಬಿಚ್ಚಿದ ಜಾಗ, ಗ್ಲಾಸ್ ವೂಲ್ ಎಲ್ಲ ನೋಡಿದರು. ಗ್ಲಾಸ್ ವೂಲ್ ಒದ್ದೆಯಾಗಿತ್ತು, ಬೇರೇನೂ ಸಿಗಲಿಲ್ಲ. ನೀರೇ ಇರಬೇಕು ಎಂದುಕೊಂಡರು. ಇದೆಲ್ಲ ನಡೆಯುವಾಗ ಜುಂಜಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹೆಂಗಸರನ್ನು ಯಾರೂ ಏನೂ ಕೇಳಲಿಲ್ಲ. ನೀರು ಸರಿಯಿಲ್ಲವಂತೆ ಎಂದಷ್ಟೇ ಜಯರಾಮು ಅವಳಿಗೆ ಹೇಳಿದ.

ಜಯರಾಮು ಸೀಳಿಗೆ ಮತ್ತೆ ವೆಲ್ಡಿಂಗ್ ಮಾಡಿ ಮುಗಿಸಿದ ಮೇಲೆ, ಹೋಗುವಾಗ ಪ್ರಭುದೇವ್ ಇನ್ನೊಂದು ಮಾತು ಹೇಳಿದರು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಕಾವು ಕೊಟ್ಟರೆ ಸ್ಟೀಲಿನ ಸತ್ವ ಹೋಗುತ್ತದೆ. ಇನ್ನೊಂದು ಸಲ ಸೀಳಿದರೆ ರಿಪೇರಿ ಇಲ್ಲ, ಹೊರಗೋಡೆಯನ್ನೇ ಬದಲಿಸಬೇಕು.

ಶಿವರಾತ್ರಿ ಕಳೆಯುತ್ತಲೇ ಗಣೆ ಮೂರನೇ ಸಲ ಎದ್ದಿತು. ಈ ಸಲ ತೀರಾ ಸಣ್ಣಗೆ, ಹಟ್ಟಿಯಾಚೆಯಿಂದ ಬಂದ ಹಾಗೆ. ಹೊಸ ಪ್ಲೇಟಿಗೆ ಹೇಳಿದರು, ಬರುವುದು ತಡವಿತ್ತು. ಅನ್ನದಾನ ನಿಲ್ಲಿಸಲು ಟ್ರಸ್ಟಿನವರಿಗೆ ಮನಸ್ಸಿಲ್ಲ. ಒತ್ತಡ ಕಡಿಮೆ ಮಾಡಿ ನಡೆಸಿ ಎಂದರು.

ಆ ದಿನಗಳಲ್ಲಿ ಜಯರಾಮು ಒಣಗಿಹೋದ. ತನ್ನ ಹೆಸರು ಕೆಡುತ್ತದೆ ಎನ್ನುವ ಭಯವಲ್ಲ ಅದು. ಆ ಹೊಲಿಗೆಯ ಮುಂದೆ, ಕೈಯಳತೆಯಲ್ಲಿ, ಬೆಳಗಿನಿಂದ ಮಧ್ಯಾಹ್ನದವರೆಗೆ ನಿಲ್ಲುವವಳು ಜುಂಜಮ್ಮ. ತನ್ನ ಕೈಯಿಂದ ಆದ ಸೀಳು ತನ್ನ ಹೆಂಡತಿಯನ್ನೇ ಬೇಯಿಸುತ್ತದೆ ಎನ್ನುವುದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಊಟದ ಹೊತ್ತಿಗೆ ಬಂದವನು ಉಣ್ಣದೆ ಹಂಡೆ ನೋಡುತ್ತಾ ಕೂರುವನು. ಒಂದು ದಿನ ಎಲ್ಲರೆದುರಿಗೇ ಕೇಳಿದ.

"ಪ್ಲೇಟು ಬರೋಗಂಟ ಮನೇಲಿರು ಜುಂಜಿ. ಬೇರೆ ಯಾರಾನ ಸಾರು ಮಾಡ್ಲಿ."

"ಬೇರೆಯೋರ್‍ನ ಅದ್ರ ಮುಂದೆ ನಿಲ್ಸಿ ನಾನು ಮನೇಲಿ ಕೂತ್ಕಳ್ಳಾ? ಅದೇನು ಮಾತು ಬಾವ. ಅಪ್ಪ ಊದ್ತಾ ಇರೋಗಂಟ ನಂಗೇನೂ ಆಗಕ್ಕಿಲ್ಲ."

"ಮಾವ ನನ್ ಮ್ಯಾಲೆ ಕ್ವಾಪ ಮಾಡ್ಕಂಡವ್ನೆ. ಸೂತಕದಾಗೆ ಮುಟ್ಟಿದ್ನಲ್ಲ. ಇಲ್ದಿದ್ರೆ ಅವನ ಹೊಲ್ಗೆ ಬುಟ್ಟು ನಂದೇ ಯಾಕೆ ಸೀಳ್ತದೆ?"

ಜುಂಜಮ್ಮ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಹಾಗೇ ಹಂಡೆಯ ಹೊದಿಕೆಯ ಕೆಳಗಿನ ಅಂಚಿನ ಕಡೆ ಒಂದು ಸಲ ನೋಡಿದಳು. ಯಾಕೆಂದು ಆಗ ತಿಳಿಯಲಿಲ್ಲ.

ಇದಾಗಿ ಕೆಲವೇ ದಿನಕ್ಕೆ, ಬಿಸಿಲು ಏರುವ ಹೊತ್ತಿನಲ್ಲಿ, ಗಣೆ ನಿಂತಿತು.

ಇಳಿದು ನಿಂತದ್ದಲ್ಲ. ಊದುತ್ತಿರುವವನ ಬಾಯಿಗೆ ಯಾರೋ ಕೈ ಮುಚ್ಚಿದ ಹಾಗೆ ನಡುವೆ ಕಡಿದು ನಿಂತಿತು. ಕಂದು ನೀರೂ ನಿಂತಿತು. ಮುನಿಯಮ್ಮ ಉಸಿರು ಬಿಟ್ಟು, ಸದ್ಯ, ನಿಮ್ಮಪ್ಪ ಊಟ ಮಾಡಿ ಮಲಗಿದ ಎಂದಳು. ಉಳಿದವರು ನಕ್ಕರು. ನನಗೂ ಹಗುರವಾಯಿತು. ಅಡುಗೆಮನೆ ಅಷ್ಟು ನಿಶ್ಶಬ್ದವಾಗಿ ಎಷ್ಟೋ ದಿನಗಳಾಗಿದ್ದವು.

ಜುಂಜಮ್ಮ ನಗಲಿಲ್ಲ. ಸೌಟು ಕೆಳಗಿಟ್ಟಳು. ಹಂಡೆಗೆ ಹತ್ತಿರವಾಗಿ ಕಿವಿ ಇಟ್ಟಳು.

"ಯಾರೂ ರಿಪೇರಿಗೆ ಕೈ ಹಾಕ್ಲಿಲ್ಲ. ಯಾಕೆ ಸುಮ್ಕಾದ?" ಎಂದಳು.

ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿ, ನಿಂತುಬಿಟ್ಟಿದೆ ಎಂದಷ್ಟೇ ಹೇಳಿದಳು. ಅವನು ಅತ್ತಲಿಂದ ಹೇಳಿದ್ದು ಕೂತಿದ್ದ ನನಗೂ ಕೇಳಿಸಿತು, ಅಷ್ಟು ಜೋರಾಗಿ ಕೂಗಿದ್ದ. ಹಬೆಯ ವಾಲ್ವ್ ಮುಚ್ಚು, ಬಾಯ್ಲರ್ ಆರಿಸು, ಎಲ್ಲರನ್ನೂ ಆಚೆಗೆ ಹಾಕು. ಗಡಸು ನೀರಿನ ಸುಣ್ಣ ಸೀಳಿನ ಬಾಯಿಗೆ ಕಟ್ಟಿಕೊಂಡರೆ ದನಿ ನಿಲ್ಲುತ್ತದೆ, ಸೀಳುವುದು ನಿಲ್ಲುವುದಿಲ್ಲ ಎಂದು ಆಮೇಲೆ ನಮಗೆ ತಿಳಿಸಿದ. ಜುಂಜಮ್ಮ ಪೈಪಿನ ವಾಲ್ವನ್ನು ಎರಡೂ ಕೈಯಿಂದ ತಿರುಗಿಸಿ ಮುಚ್ಚಿದಳು, ಬಾಯ್ಲರ್ ಆರಿಸಿದಳು. ಬೇಳೆ ಅರ್ಧ ಬೆಂದಿದೆ ಎಂದು ಗೊಣಗುತ್ತಿದ್ದ ಮುನಿಯಮ್ಮನನ್ನು ರಟ್ಟೆ ಹಿಡಿದು ಎಳೆದಳು. ನನ್ನನ್ನು ಎತ್ತಿಕೊಂಡೇ ಹೋದಳೆಂದರೂ ಸರಿ.

ನಾವೆಲ್ಲ ಅಂಗಳದ ಹೊಂಗೆ ಮರದ ಕೆಳಗೆ ನಿಂತೆವು. ಜಯರಾಮು ಬೈಕಿನಲ್ಲಿ ಬಂದ. ನಿಲ್ಲಿಸಲೂ ಇಲ್ಲ, ಹಾಗೇ ಬೀಳಿಸಿ ಓಡಿದ. ಒಳಗೆ ಉಳಿದಿರುವ ಹಬೆಯನ್ನು ಕೆಳಗಿನ ನಲ್ಲಿಯಿಂದ ಬಿಟ್ಟುಬಿಡಬೇಕು ಎನ್ನುತ್ತಾ ಅಡುಗೆಮನೆಯ ಹೊಸಿಲಿಗೆ ಒಂದು ಕಾಲು ಇಟ್ಟ. ಜುಂಜಮ್ಮ ಹಿಂದೆ ಓಡಿದಳು, ಅಂಗಿ ಸಿಗಲಿಲ್ಲ.

ಆಗ ಗಣೆ ಊದಿತು.

ಬಾಯ್ಲರ್ ಆರಿತ್ತು. ವಾಲ್ವ್ ಮುಚ್ಚಿತ್ತು. ಇಷ್ಟು ದಿನ ಕೇಳಿದ ಹಾಗೆ ಸಣ್ಣಗಲ್ಲ, ಹಟ್ಟಿಯ ದೇವರ ಮುಂದೆ ನಾನು ಒಂದು ಸಲ ಕೇಳಿದ್ದೆನಲ್ಲ, ಹಾಗೆ. ಎದೆಯೊಳಗಿನಿಂದ ಎಳೆದು ಒಂದೇ ಉಸಿರಿನಲ್ಲಿ ಊದಿದ ದನಿ. ಹೊಂಗೆ ಮರದ ಮೇಲಿನ ಕಾಗೆಗಳು ಎದ್ದವು. ಜಯರಾಮು ಹೊಸಿಲ ಮೇಲೆ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಕಲ್ಲಾದ. ಹೆಸರು ಹಿಡಿದು ಕರೆದವರ ಕಡೆಗೆ ನೋಡುವ ಹಾಗೆ ತಲೆ ಎತ್ತಿದ. ಅಷ್ಟರಲ್ಲಿ ಜುಂಜಮ್ಮ ಅವನ ಕಾಲರ್ ಹಿಡಿದು ಹಿಂದಕ್ಕೆಳೆದಳು. ಇಬ್ಬರೂ ಅಂಗಳಕ್ಕೆ ಬಿದ್ದರು. ಒಳಗೆ ಹಂಡೆ ಸೀಳಿತು.

ದೊಡ್ಡ ಸದ್ದೇನೂ ಅಲ್ಲ. ದಪ್ಪ ಬಟ್ಟೆ ಹರಿದ ಹಾಗೆ. ಬಾಗಿಲಿನಿಂದ ಬೆಳ್ಳನೆಯ ಹಬೆ ಒಂದು ಗೋಡೆಯ ಹಾಗೆ ಹೊರಗೆ ಬಂತು, ಅದರ ಜೊತೆ ಬೇಳೆಯ ವಾಸನೆ. ಬಹಳ ಹೊತ್ತಿನವರೆಗೆ ಒಳಗೆ ಏನೂ ಕಾಣಲಿಲ್ಲ.

ಹಬೆ ತಿಳಿಯಾದ ಮೇಲೆ ಜಯರಾಮು ಒಳಗೆ ಹೋದ, ನಾವೂ ಹಿಂದೆ ಹೋದೆವು. ತಗಡಿನ ಹೊದಿಕೆ ಕಿತ್ತು ಎದುರು ಗೋಡೆಗೆ ಬಡಿದಿತ್ತು, ಸರಿಯಾಗಿ ಜುಂಜಮ್ಮ ನಿಲ್ಲುವ ಜಾಗವನ್ನು ದಾಟಿಕೊಂಡು. ಹೊಲಿಗೆ ಕೆಳಗಿನಿಂದ ಬಾಯಿ ಬಿಟ್ಟು ಮೇಲೇರಿ, ಅವಳ ಸೊಂಟದ ಎತ್ತರದಲ್ಲಿ, ಕ್ಯಾತಪ್ಪನ ಕೈ ಶುರುವಾಗುವ ಕಡೆ ನಿಂತಿತ್ತು. ಆ ಒತ್ತೊತ್ತು ಹೊಲಿಗೆಯ ಒಂದು ಎಳೆಯೂ ಬಿಟ್ಟಿರಲಿಲ್ಲ.

ನೆಲದ ಮೇಲೆ ಹರಡಿದ್ದ ಗ್ಲಾಸ್ ವೂಲ್ ನಡುವೆ ಕಪ್ಪು ಗಂಟುಗಳು ಬಿದ್ದಿದ್ದವು. ಜಯರಾಮು ಒಂದನ್ನು ಎತ್ತಿದ. ಕಂಬಳಿಯ ತುಂಡು. ಅಂಚಿನಲ್ಲಿ ಕೆಂಪು ಎಳೆ. ಮಾವನ ಕಂಬಳಿ ಅವನಿಗೆ ಗೊತ್ತಾಗದೆ ಇರುತ್ತದೆಯೇ. ಗಂಟು ಬಿಚ್ಚಿದ. ಒಳಗೆ ಒಣಮೆಣಸಿನಕಾಯಿ, ಅರ್ಧ ಕರಗಿ ಗಡ್ಡೆಗಟ್ಟಿದ ಕಲ್ಲುಪ್ಪು. ನಾಲಿಗೆಗೆ ಮುಟ್ಟಿಸಿ ನೋಡಿದ.

ದೃಷ್ಟಿಗೆ ಕಟ್ಟುವ ಗಂಟು. ಯಾರಿಗಾಗಿ ಕಟ್ಟುತ್ತೀವೋ ಅವರ ಕಣ್ಣಿಗೆ ಬೀಳಬಾರದು, ಬಿದ್ದರೆ ಫಲವಿಲ್ಲ ಎನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಮಾತು. ಹಂಡೆಗೆ ಮೊದಲು ಹಬೆ ಬಿಟ್ಟ ದಿನವೇ ಜುಂಜಮ್ಮ ಅದನ್ನು ಹೊದಿಕೆಯ ಕೆಳಗಿನ ಅಂಚಿನಿಂದ ಒಳಗೆ ತೂರಿಸಿದ್ದಳು. ಅಮಾವಾಸ್ಯೆಗೊಮ್ಮೆ ಹೊಸದು ಇಡುತ್ತಿದ್ದಳು. ರಿಪೇರಿಗೆ ಗಂಡ ಬರುತ್ತಾನೆ ಎಂದರೆ ಮೊದಲೇ ತೆಗೆದಿಟ್ಟು, ಅವನು ಹೋದ ಮೇಲೆ ಮತ್ತೆ ಇಡುತ್ತಿದ್ದಳು. ಪ್ರಭುದೇವ್ ಕಣ್ಣಿಗೂ ಅದಕ್ಕೇ ಬಿದ್ದಿರಲಿಲ್ಲ.

ಜಯರಾಮು ಗಂಟನ್ನು ಅಂಗೈಯಲ್ಲಿ ಇಟ್ಟುಕೊಂಡು ಅವಳ ಕಡೆ ತಿರುಗಿದ.

"ನೀನಾ?"

"ಹೂಂ ಬಾವ. ನೀನು ಸೂತಕದಾಗೆ ಕೆಲ್ಸ ಮಾಡ್ದೆ ಅಂತ ಹಟ್ಟಿಯೋರೆಲ್ಲ ನಿನ್ ಕೈ ಮ್ಯಾಲೆ ಕಣ್ಣಾಕಿದ್ರು."

"ಎಲ್ಲಿಗೆ ಇಡ್ತಿದ್ದೆ?"

"ನಿನ್ ಹೊಲ್ಗೆ ಮ್ಯಾಗೆ. ಅಪ್ಪಂದುಕ್ಕೆ ಯಾವ ಕಣ್ಣು ಬೀಳ್ತದೆ?" ನೆಲದ ಮೇಲಿನ ಇನ್ನೊಂದು ಗಂಟು ಎತ್ತಿಕೊಂಡು ಹೇಳಿದಳು, "ಪ್ರತಿ ಸಲ ಕರಗೋಗಿರ್ತಿತ್ತು. ಉಪ್ಪು ಕರಗುದ್ರೆ ದೃಷ್ಟಿ ಕರಗ್ದಂಗೆ. ಇಷ್ಟು ಕಣ್ಣು ಬಿದ್ದೈತಲ್ಲ ಅಂತ ಹೆಚ್ಚೆಚ್ಚು ಇಡ್ತಾ ಬಂದೆ."

ಅವನು ಬಯ್ಯಲಿಲ್ಲ. ಇಂಜಿನಿಯರ್ ಉಪ್ಪಿನ ಬಗ್ಗೆ ಹೇಳಿದ್ದನ್ನು ಮೆಲ್ಲಗೆ, ಒಂದೊಂದೇ ಮಾತಾಗಿ ಅವಳಿಗೆ ಹೇಳಿದ. ಹಂಡೆಯ ಕಾವಿಗೆ ಉಪ್ಪು ಕರಗಿ, ಒದ್ದೆ ಕಂಬಳಿಯಿಂದ ಹೊಲಿಗೆಯ ಮೇಲೆ ಇಳಿದು, ಅಲ್ಲೇ ಒಣಗಿ, ಮತ್ತೆ ಕರಗಿ, ಕೂದಲೆಳೆಯಷ್ಟು ಜಾಗದಲ್ಲಿ ಒಳಗೆ ಹೊಕ್ಕು ಕವಲೊಡೆದದ್ದನ್ನು ಹೇಳಿದ. ಅವಳು ಕೇಳುತ್ತಾ ಕೇಳುತ್ತಾ ನೆಲದ ಮೇಲೆ ಕೂತಳು. ಸೂತಕದ ಕೋಪ ಅದರಲ್ಲಿ ಎಲ್ಲೂ ಇರಲಿಲ್ಲ. ಅವಳ ಎರಡು ಕೈ ಇದ್ದವು, ಅಷ್ಟೆ. ಆ ಹೊತ್ತಿನಲ್ಲಿ ಅವರಿಬ್ಬರಲ್ಲಿ ಯಾರನ್ನು ಸಮಾಧಾನ ಮಾಡಬೇಕೋ ನಮಗೆ ತಿಳಿಯಲಿಲ್ಲ.

ಚಂದ್ರಶೇಖರ್ ಬಂದಾಗ ಜಯರಾಮು ಏನನ್ನೂ ಮುಚ್ಚಿಡಲಿಲ್ಲ. ನಮ್ಮ ಮನೆಯ ಉಪ್ಪು ಅಣ್ಣ ಎಂದು ಗಂಟು ತೋರಿಸಿದ. ಚಂದ್ರಶೇಖರ್ ಹಂಡೆ ನೋಡಿದ, ಗೋಡೆಗೆ ಬಡಿದ ತಗಡು ನೋಡಿದ, ಜುಂಜಮ್ಮನನ್ನು ನೋಡಿದ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ, ಉಪ್ಪು ತಿಂದ ಹಂಡೆ ನಮಗೆಲ್ಲ ನೀರು ಕುಡಿಸಿತಲ್ಲೋ ಎಂದ. ನಗಲು ಹೊರಟವನಿಗೆ ನಗು ಬರಲಿಲ್ಲ. ಹೊಸ ಹೊರಗೋಡೆಯನ್ನೂ ನೀನೇ ಮಾಡು ಎಂದು ಹೇಳಿ ಹೋದ.

ಈ ಸಲ ಮೇಲಿಂದ ಕೆಳಗಿನವರೆಗೆ ಒಂದೇ ಕೈಯ ಹೊಲಿಗೆ. ಹಳೆಯ ಗೋಡೆಯಿಂದ ಕ್ಯಾತಪ್ಪನ ಹೊಲಿಗೆ ಇದ್ದ ಪಟ್ಟಿಯನ್ನು ಜಯರಾಮು ಕತ್ತರಿಸಿ, ಅಂಚು ನಯ ಮಾಡಿ ಹಟ್ಟಿಯ ಮನೆಯಲ್ಲಿ ಗಣೆಯ ಪಕ್ಕ ತೂಗುಹಾಕಿದ್ದಾನೆ. ಮುನಿಯಮ್ಮ ಉಪ್ಪಿನ ಡಬ್ಬವನ್ನು ಅಡುಗೆಮನೆಯ ಆಚೆ ತುದಿಗೆ ಸಾಗಿಸಿದಳು. ಹಬೆ ಬಿಡುವ ಮೊದಲು ಜುಂಜಮ್ಮ ದಿನವೂ ಒದ್ದೆ ಬಟ್ಟೆಯಿಂದ ಹಂಡೆಯನ್ನು ಸುತ್ತಲೂ ಒರೆಸುತ್ತಾಳೆ. ನೋಡಿದವರು ಅವಳಿಗೆ ಏನೋ ಹರಕೆ ಇದೆ ಎಂದುಕೊಳ್ಳುತ್ತಾರೆ.

ಸೀಳಿಗೆ ಕಟ್ಟಿದ್ದ ಸುಣ್ಣ ಕೊನೆಗೆ ಕಿತ್ತುಹೋಗಿ, ಉಳಿದ ಹಬೆ ಒಮ್ಮೆಗೇ ನುಗ್ಗಿ ದನಿಯಾಗಿರಬೇಕು ಎಂದು ಪ್ರಭುದೇವ್ ಹೇಳಿದರು. ಇರಬಹುದು. ಜಯರಾಮು ತಲೆಯಾಡಿಸಿದ. ಕ್ಯಾತಪ್ಪ ಊದುವಾಗ ಕೊನೆಯಲ್ಲಿ ದನಿಯನ್ನು ಬಾಗಿಸಿ ಒಂದು ಕೊಂಕು ಕೊಡುತ್ತಿದ್ದ, ಅದೂ ಆ ದಿನ ಇತ್ತು ಎಂದು ಜುಂಜಮ್ಮ ನನಗೊಬ್ಬಳಿಗೆ ಹೇಳಿದ್ದಾಳೆ. ನಾನೂ ಕೇಳಿದ್ದೇನೆ. ಇತ್ತು.

ಹೊಸ ಗೋಡೆಯ ಹಂಡೆ ಸುಮ್ಮನಿದೆ. ಒಂದು ಹನಿ ಸೋರಿಲ್ಲ, ಒಂದು ಸಣ್ಣ ಸದ್ದಿಲ್ಲ. ಒಳ್ಳೆಯ ಹಂಡೆ ಇರಬೇಕಾದದ್ದೇ ಹಾಗೆ. ಆದರೆ ಸುಮ್ಮನಿರುವುದನ್ನು ನಂಬುವುದು ನಮಗೆ ಇನ್ನೂ ಬಂದಿಲ್ಲ. ಮಧ್ಯಾಹ್ನ ಜಯರಾಮು ಊಟಕ್ಕೆ ಬಂದವನು ಮೊದಲು ಹಂಡೆಯ ಹತ್ತಿರ ಹೋಗಿ ತಗಡಿಗೆ ಕಿವಿ ಇಡುತ್ತಾನೆ. ಆಗ ಅಡುಗೆಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವುದಿಲ್ಲ.

"ಏನಂತದೆ?" ಎಂದು ಜುಂಜಮ್ಮ ಕೇಳುತ್ತಾಳೆ.

"ಏನೂ ಇಲ್ಲ" ಎನ್ನುತ್ತಾನೆ.

ಅವಳು ಸೌಟು ಕೆಳಗಿಟ್ಟು ತಾನೂ ಒಂದು ಸಲ ಕಿವಿ ಇಟ್ಟು ನೋಡುತ್ತಾಳೆ. ಆಮೇಲೆ ಅವನು ಹಂಡೆಗೆ ಬೆನ್ನು ಹಾಕದೆ ಗೋಡೆಗೆ ಒರಗಿ ಕೂರುತ್ತಾನೆ. ತಟ್ಟೆಯ ಅಂಚಿಗೆ ಬಡಿಸಿದ ಚಿಟಿಕೆ ಉಪ್ಪನ್ನು ಒಂದು ಕಣವೂ ಚೆಲ್ಲದ ಹಾಗೆ ಮುಷ್ಟಿಯಲ್ಲಿ ಹಿಡಿದು, ಎದ್ದು ಹೋಗಿ ಅಂಗಳದಾಚೆ ಎಸೆದು, ಕೈ ತೊಳೆದು ಬಂದು ಉಣ್ಣುತ್ತಾನೆ.